ಗಡಸು ನೀರಿಗೆ ವಾಷಿಂಗ್ ಸೋಡಾ: ಬಟ್ಟೆ ಒಗೆಯಲು ನಾನು ಜೋಡಿಸಿದ ಡ್ರಮ್

ಚಿಂತಾಮಣಿ ಕಡೆ ಬೋರ್‌ವೆಲ್ ನೀರಿನಲ್ಲಿ ಬಟ್ಟೆ ಒಗೆಯುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ, ಬಕೆಟ್ಟಿನ ಮೇಲೆ ಹಾಲು ಒಡೆದ ಹಾಗೆ ಬಿಳಿ ಚೂರುಗಳು ತೇಲುತ್ತವೆ, ಬಿಳಿ ಪಂಚೆ ಕೆಲವೇ ತಿಂಗಳಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ, ಒಣಗಿದ ಟವೆಲ್ಲಿನಲ್ಲಿ ಮೈ ಒರೆಸಿಕೊಂಡರೆ ತರಚುತ್ತದೆ. ಇದಕ್ಕೆ ಎಲ್ಲರೂ ಮಾಡುವ ಉಪಾಯ ಒಂದೇ, ಪುಡಿ ಜಾಸ್ತಿ ಹಾಕುವುದು. ನಮ್ಮ ಮನೆಯಲ್ಲೂ ಅದೇ ನಡೆಯುತ್ತಿತ್ತು. ಆದರೆ ಹಾಕಿದ ಪುಡಿಯಲ್ಲಿ ಒಂದು ದೊಡ್ಡ ಪಾಲು ಕೊಳೆಯ ತನಕ ಹೋಗುವುದೇ ಇಲ್ಲ. ನೀರಿನಲ್ಲಿರುವ ಸುಣ್ಣದ ಅಂಶ ಅದನ್ನು ಮೊದಲೇ ತಿಂದುಹಾಕುತ್ತದೆ. ಅದಕ್ಕೇ ಈ ಡ್ರಮ್. ಬಟ್ಟೆ ಮುಟ್ಟುವ ಮೊದಲೇ ವಾಷಿಂಗ್ ಸೋಡಾ ಹಾಕಿ ನೀರಿನ ಗಡಸುತನ ಇಳಿಸಿ, ಗಸಿ ಕೆಳಗೆ ಕೂತ ಮೇಲೆ ತಿಳಿ ನೀರು ಮಾತ್ರ ಹಿಡಿದುಕೊಳ್ಳುವ ವ್ಯವಸ್ಥೆ.

ಇದರ ಹಿಂದಿನ ವಿಷಯ ಸರಳ. ನೀರು ಗಡಸಾಗುವುದು ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳಿಂದ. ಸೋಪು ಇವುಗಳ ಕೈಗೆ ಸಿಕ್ಕರೆ ನೀರಿನಲ್ಲಿ ಕರಗದ ಜಿಗುಟು ಆಗುತ್ತದೆ, ಬಟ್ಟೆಯ ಎಳೆಗಳ ನಡುವೆ ಸೇರಿಕೊಳ್ಳುತ್ತದೆ. ಪಂಚೆಯ ಬೂದು ಬಣ್ಣಕ್ಕೆ ಇದೇ ದೊಡ್ಡ ಕಾರಣ. ವಾಷಿಂಗ್ ಸೋಡಾ ಎಂದರೆ ಸೋಡಿಯಂ ಕಾರ್ಬೊನೇಟ್. ಅದನ್ನು ಹಾಕಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಸುಣ್ಣಕಲ್ಲಿನ ನುಣ್ಣನೆ ಪುಡಿ. ಅದು ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಆ ಜಾಗಕ್ಕೆ ಸೋಡಿಯಂ ಬರುತ್ತದೆ, ಸೋಪಿಗೆ ಸೋಡಿಯಂನಿಂದ ಏನೂ ತೊಂದರೆ ಇಲ್ಲ.

ಮೊದಲು ಸೋಡಾ ಕೊಳ್ಳುವ ವಿಷಯ. ಅಡುಗೆ ಸೋಡಾ ಬೇರೆ, ಅದು ಈ ಕೆಲಸಕ್ಕೆ ತೀರಾ ಸೌಮ್ಯ. ಕಾಸ್ಟಿಕ್ ಸೋಡಾ ಬೇರೆ, ಅದು ಚರ್ಮ ಸುಡುತ್ತದೆ, ಬಟ್ಟೆ ಹತ್ತಿರ ತರಲೇಬೇಡಿ. ನಮಗೆ ಬೇಕಾದ್ದು ಕಿರಾಣಿ ಅಂಗಡಿಯಲ್ಲಿ ಬಟ್ಟೆ ಸೋಡಾ, ವಾಷಿಂಗ್ ಸೋಡಾ, ಸೋಡಾ ಆ್ಯಶ್ ಎಂದು ಸಿಗುವುದು. ಇದರಲ್ಲೂ ಎರಡು ಬಗೆ ಇದೆ. ಹರಳು ಹರಳಾಗಿರುವುದರಲ್ಲಿ ತೂಕದ ಶೇಕಡಾ 63ರಷ್ಟು ಬರೀ ನೀರೇ ಇರುತ್ತದೆ. ಬಿಳಿ ಪುಡಿಯಾಗಿ ಬರುವ ಸೋಡಾ ಆ್ಯಶ್‌ನಲ್ಲಿ ನೀರಿಲ್ಲ. ಹಾಗಾಗಿ 100 ಗ್ರಾಂ ಪುಡಿ ಮಾಡುವ ಕೆಲಸಕ್ಕೆ ಹರಳು 270 ಗ್ರಾಂ ಬೇಕು. ಹರಳನ್ನು ತೆರೆದಿಟ್ಟರೆ ನೀರು ಆರಿ ಮೇಲೆ ಪುಡಿ ಪುಡಿಯಾಗುತ್ತದೆ, ಆಮೇಲೆ ಅದರ ತೂಕ ನಂಬುವಂತಿಲ್ಲ. ನಾನು ಪುಡಿಯನ್ನೇ ತರುತ್ತೇನೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಡುಗೆಮನೆಯಿಂದ ದೂರ ಇಟ್ಟಿದ್ದೇನೆ. ನೋಡಲು ಉಪ್ಪಿನ ಪುಡಿ, ಮೈದಾ ಎಲ್ಲಾ ಒಂದೇ ಥರ ಕಾಣುತ್ತವೆ, ಅಲ್ವಾ.

ಮುಂದಿನದು ನೀರಿನ ಪರೀಕ್ಷೆ. ಇದನ್ನು ಬಿಟ್ಟು ಸುಮ್ನೆ ಹಿಡಿ ಲೆಕ್ಕದಲ್ಲಿ ಸೋಡಾ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಖರ್ಚಿಲ್ಲದ ಪರೀಕ್ಷೆ ಹೀಗೆ: ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಅರ್ಧ ಬೋರ್ ನೀರು, ಇನ್ನೊಂದರಲ್ಲಿ ಅರ್ಧ ಮಳೆ ನೀರು. ಎರಡಕ್ಕೂ ಮೈ ಸೋಪಿನ ಒಂದೇ ಅಳತೆಯ ಚೂರು ಹಾಕಿ ಕುಲುಕಿ. ಮಳೆ ನೀರು ನೊರೆ ತುಂಬಿ ನಿಲ್ಲುತ್ತದೆ, ಬೋರ್ ನೀರು ಕದಡಿದ ಬಿಳಿ ನೀರಾಗಿ ಕೂರುತ್ತದೆ. ಬಟ್ಟೆ ಪುಡಿಯಲ್ಲಿ ಈ ಪರೀಕ್ಷೆ ಮಾಡಬೇಡಿ. ಡಿಟರ್ಜೆಂಟ್ ಗಡಸು ನೀರಿನಲ್ಲೂ ಸ್ವಲ್ಪ ನೊರೆ ಕೊಡುತ್ತದೆ, ಏನೂ ಗೊತ್ತಾಗುವುದಿಲ್ಲ. ಲೆಕ್ಕ ಬೇಕಾದರೆ ಹನಿ ಹಾಕಿ ಬಣ್ಣ ನೋಡುವ ಹಾರ್ಡ್‌ನೆಸ್ ಕಿಟ್ ಸಿಗುತ್ತದೆ. ಟಿಡಿಎಸ್ ಮೀಟರ್ ಇದಕ್ಕೆ ಪ್ರಯೋಜನ ಇಲ್ಲ. ಅದು ಕರಗಿರುವ ಎಲ್ಲ ಲವಣಗಳನ್ನೂ ಒಟ್ಟಿಗೆ ತೋರಿಸುತ್ತದೆ. ಸೋಡಾ ಹಾಕಿ ನೀರು ಮೆದುವಾದ ಮೇಲೂ ಅದರ ಅಂಕಿ ಇಳಿಯುವುದಿಲ್ಲ, ಅದನ್ನು ನೋಡಿ ಸೋಡಾ ಕೆಲಸ ಮಾಡಲಿಲ್ಲ ಎಂದುಕೊಳ್ಳುವವರಿದ್ದಾರೆ.

ನಮ್ಮ ನೀರಿನ ಗಡಸುತನ ಕಿಟ್‌ನಲ್ಲಿ ಲೀಟರಿಗೆ 600 ಮಿಲಿಗ್ರಾಂ ಹತ್ತಿರ ಬಂತು. ಕುಡಿಯುವ ನೀರಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ಮಿತಿ 200, ಬೇರೆ ಮೂಲವೇ ಇಲ್ಲದಿದ್ದರೆ 600ರ ತನಕ. ಅಂದರೆ ನಾವು ಕೊನೆಯ ಅಂಚಿನಲ್ಲಿದ್ದೇವೆ. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಈ ಡ್ರಮ್ಮಿನ ನೀರು ಒಗೆಯಲು ಮಾತ್ರ. ಕುಡಿಯಲು, ಅಡುಗೆಗೆ ಬೇಡವೇ ಬೇಡ. ನಮ್ಮ ಜಿಲ್ಲೆಗಳ ನೀರಿನಲ್ಲಿ ಫ್ಲೋರೈಡ್ ತೊಂದರೆಯೂ ಇದೆ, ಸೋಡಾದಿಂದ ಅದು ಹೋಗುವುದಿಲ್ಲ.

ಡ್ರಮ್ಮಿಗೆ ಬರೋಣ. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್, ಹಳೆಯದು. ಹಳೆ ಡ್ರಮ್ ತರುವಾಗ ಮೊದಲು ಅದರಲ್ಲಿ ಏನಿತ್ತು ಎಂದು ಕೇಳಲೇಬೇಕು. ಕೀಟನಾಶಕ, ಬಣ್ಣ, ಕಾರ್ಖಾನೆಯ ಕೆಮಿಕಲ್ ಇದ್ದ ಡ್ರಮ್ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ತುಂಬಿದಾಗ 200 ಕೆಜಿ ಆಗುವುದರಿಂದ ಕೆಳಗಿನ ಕಟ್ಟೆ ಗಟ್ಟಿ ಇರಬೇಕು. ನಾನು ಸಿಮೆಂಟ್ ಸಾಲಿಡ್ ಬ್ಲಾಕ್‌ಗಳನ್ನು ಜೋಡಿಸಿ, ಮೇಲೆ ಒಂದು ಕಡಪ ಕಲ್ಲು ಹಾಸಿ, ರಸಮಟ್ಟ ಇಟ್ಟು ನೋಡಿದೆ. ನಲ್ಲಿಯ ಕೆಳಗೆ ಬಕೆಟ್ ಹಿಡಿಸುವಷ್ಟು ಎತ್ತರ ಸಾಕು. ಜಾಗ ಬಿಸಿಲು ಬೀಳುವ ಕಡೆ ಇರಲಿ, ನೀರು ಬೆಚ್ಚಗಿದ್ದರೆ ಗಸಿ ಬೇಗ ಕೂರುತ್ತದೆ, ಒಗೆಯುವುದಕ್ಕೂ ಅನುಕೂಲ.

ನಲ್ಲಿ ಎರಡು ಬೇಕು. ಒಂದು ತಳದ ಅಂಚಿಗೆ, ಗಸಿ ಹೊರಬಿಡಲು. ಇನ್ನೊಂದು ತಳದಿಂದ ಅರ್ಧ ಅಡಿ ಮೇಲೆ, ತಿಳಿ ನೀರು ಹಿಡಿಯಲು. ಈ ಅರ್ಧ ಅಡಿ ಅಂತರವೇ ಇಡೀ ಡ್ರಮ್ಮಿನ ಗುಟ್ಟು. ತೂತಿನ ಅಳತೆಯನ್ನು ಟ್ಯಾಂಕ್ ನಿಪ್ಪಲ್ಲಿನ (ತೂತಿಗೆ ಕೂರಿಸಿ ನಲ್ಲಿ ಜೋಡಿಸುವ ತುಂಡು ಪೈಪು) ತಿರುಪಿನ ಭಾಗ ಹಿಡಿದು ನೋಡಿ ಗುರುತು ಮಾಡಿಕೊಂಡೆ, ಹೋಲ್ ಸಾ, ಅಂದರೆ ದುಂಡನೆ ತೂತು ಕೊರೆಯುವ ಗರಗಸ ಹಾಕಿ ನಿಧಾನವಾಗಿ ಕೊರೆದೆ, ಅಂಚಿನ ಸಿಬಿರನ್ನು ಚಾಕುವಿನಿಂದ ಹೆರೆದೆ. ಡ್ರಮ್ಮಿನ ಮೈ ದುಂಡಗಿರುವುದರಿಂದ ವಾಷರ್ ಪೂರ್ತಿ ಕೂರುವುದಿಲ್ಲ, ಒಂದು ಕಡೆ ಎದ್ದು ನಿಲ್ಲುತ್ತದೆ. ಅದಕ್ಕೆ ದಪ್ಪ ಮೆತ್ತನೆಯ ರಬ್ಬರ್ ವಾಷರ್ ಒಳಗೂ ಹೊರಗೂ ಹಾಕಿ ನಟ್ ಬಿಗಿ ಮಾಡಿದೆ. ನಿಪ್ಪಲ್ಲಿಗೆ ಟೆಫ್ಲಾನ್ ಟೇಪ್ ಸುತ್ತಿ ಪ್ಲಾಸ್ಟಿಕ್ ಬಾಲ್ ವಾಲ್ವ್ ಕೂರಿಸಿದೆ. ಗಸಿಯ ಕಡೆಗೆ ಮಾಮೂಲಿ ತಿರುಗಿಸುವ ನಲ್ಲಿ ಬೇಡ, ಸುಣ್ಣ ಸಿಕ್ಕಿಕೊಂಡು ಅದರ ವಾಷರ್ ಹಾಳಾಗುತ್ತದೆ. ಬಾಲ್ ವಾಲ್ವ್ ಪೂರ್ತಿ ತೆರೆಯುತ್ತದೆ, ಗಸಿ ನಿಲ್ಲುವುದಿಲ್ಲ. ರಾತ್ರಿಯಿಡೀ ನೀರು ತುಂಬಿಸಿಟ್ಟು, ಬೆಳಿಗ್ಗೆ ನಿಪ್ಪಲ್ಲಿನ ಸುತ್ತ ಒಣ ಕಾಗದ ಒತ್ತಿ ತೇವ ಇದೆಯೇ ಎಂದು ನೋಡಿದ ಮೇಲೇ ಸೋಡಾ ಹಾಕಿದ್ದು.

ಅಮ್ಮ ಇದನ್ನೆಲ್ಲ ನೋಡಿ, "ಬಟ್ಟೆ ಒಗೆಯೋಕೆ ಮುಂಚೆ ನೀರು ಒಗೀಬೇಕಾ ಕಣಪ್ಪ?" ಎಂದರು. ಹೌದಮ್ಮ, ಅದೇ ಇದು.

ಈಗ ಅಳತೆ. ಲೆಕ್ಕ ನೆನಪಿಟ್ಟುಕೊಳ್ಳುವುದು ಸುಲಭ. 1 ಗ್ರಾಂ ಗಡಸುತನ ಇಳಿಸಲು ಸೋಡಾ ಪುಡಿ 1.06 ಗ್ರಾಂ ಬೇಕು. ನಾನು ಡ್ರಮ್ಮನ್ನು 180 ಲೀಟರಿನ ಗುರುತಿನ ತನಕ ತುಂಬುತ್ತೇನೆ. ಲೀಟರಿಗೆ 600 ಮಿಲಿಗ್ರಾಂ ಎಂದರೆ ಒಟ್ಟು 108 ಗ್ರಾಂ, ಅದಕ್ಕೆ ಸೋಡಾ 114 ಗ್ರಾಂ ಆಯಿತು. ಸ್ವಲ್ಪ ಹೆಚ್ಚಿರಲಿ ಎಂದು 125 ಗ್ರಾಂ ಹಾಕುತ್ತೇನೆ. ಡ್ರಮ್ ಇಲ್ಲದೆ 20 ಲೀಟರಿನ ಬಕೆಟ್ಟಿನಲ್ಲೇ ಮಾಡುವವರಿಗೆ ಇದೇ ನೀರಿಗೆ 13ರಿಂದ 14 ಗ್ರಾಂ ಸಾಕು. ನಿಮ್ಮ ನೀರು 300 ಇದ್ದರೆ ಅದರಲ್ಲೂ ಅರ್ಧ. ನೋಡಿ, ಎಷ್ಟು ಕಡಿಮೆ ಬೇಕು! ಬಕೆಟ್ಟಿಗೆ ಒಂದು ಲೋಟ ಸೋಡಾ ಸುರಿಯುವ ಅಭ್ಯಾಸ ಇರುವವರು ಇದನ್ನು ದಯವಿಟ್ಟು ಗಮನಿಸಿ, ಬೇಕಿಲ್ಲದ ಸೋಡಾ ಬಟ್ಟೆಯಲ್ಲಿ ಉಳಿಯುತ್ತದೆ, ಕೈ ಚರ್ಮ ಒಡೆಯುತ್ತದೆ.

ಪುಡಿಯನ್ನು ತಣ್ಣೀರಿಗೆ ಒಂದೇ ಸಲ ಸುರಿದರೆ ತಳದಲ್ಲಿ ಗಟ್ಟಿ ಗಡ್ಡೆ ಕಟ್ಟುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಿಸಿನೀರು ಇಟ್ಟುಕೊಂಡು, ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕೋಲಿನಿಂದ ತಿರುಗಿಸಿ ಕರಗಿಸಬೇಕು. ಆಮೇಲೆ ಆ ನೀರನ್ನು ಡ್ರಮ್ಮಿಗೆ ಹಾಕಿ ಚೆನ್ನಾಗಿ ಕಲಸಬೇಕು. ಕೈಗವಸು ಹಾಕಿಕೊಳ್ಳಿ. ಸೋಡಾ ನೀರಿನ ಪಿಎಚ್ 11ರ ಸುತ್ತಮುತ್ತ ಇರುತ್ತದೆ, ಅಂದರೆ ಜೋರು ಕ್ಷಾರ, ಕಣ್ಣಿಗೆ ಹಾರಿದರೆ ತುಂಬಾ ಉರಿ, ಧಾರಾಳ ನೀರಿನಲ್ಲಿ ತೊಳೆಯಬೇಕು. ಹಾಕಿದ ಸ್ವಲ್ಪ ಹೊತ್ತಿಗೆ ನೀರು ಮಂಜು ಮಂಜಾಗುತ್ತದೆ. ಅದೇ ಸುಣ್ಣ ಬೇರೆಯಾಗುತ್ತಿರುವ ಗುರುತು. ಸಂಜೆ ಕಲಸಿಟ್ಟರೆ ಬೆಳಿಗ್ಗೆ ಹೊತ್ತಿಗೆ ಮೇಲಿನ ನೀರು ತಿಳಿಯಾಗಿರುತ್ತದೆ.

ತಿಳಿ ನೀರನ್ನು ಮತ್ತೆ ಕಿಟ್‌ನಲ್ಲಿ ನೋಡಿದಾಗ 150 ಹತ್ತಿರ ಬಂತು. ಪೂರ್ತಿ ಸೊನ್ನೆ ಆಗುವುದಿಲ್ಲ, ಏಕೆಂದರೆ ಮೆಗ್ನೀಷಿಯಂ ಬರೀ ಸೋಡಾಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಸುಣ್ಣದ ತಿಳಿ ಸೇರಿಸಿದರೆ ಅದೂ ಇಳಿಯುತ್ತದೆ, ಆದರೆ ಅಳತೆ ತಪ್ಪಿದರೆ ಗಡಸುತನ ಮತ್ತೆ ಏರುತ್ತದೆ. ಮನೆ ಬಟ್ಟೆಗೆ ಅಷ್ಟೆಲ್ಲ ಬೇಡ. 600 ಇದ್ದದ್ದು 150ಕ್ಕೆ ಬಂದರೆ ಬಾಟಲಿ ಪರೀಕ್ಷೆಯಲ್ಲಿ ನೊರೆ ನಿಲ್ಲುತ್ತದೆ, ಅಷ್ಟು ಸಾಕು.

ಒಗೆಯುವಾಗ ಆದ ಬದಲಾವಣೆ ಕೈಗೇ ಗೊತ್ತಾಗುತ್ತದೆ. ಬಟ್ಟೆ ಪುಡಿಯ ಖರ್ಚು ಮೊದಲಿನ ಅರ್ಧಕ್ಕೆ ಇಳಿಯಿತು. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ, ಸೋಡಾ ಹಾಕಿಯೂ ಬಟ್ಟೆ ಒರಟಾಯಿತು ಎನ್ನುವವರು ಬಹುಶಃ ಇದನ್ನೇ ನೋಡಿರುವುದಿಲ್ಲ. ಬಟ್ಟೆಯಲ್ಲಿ ಸೋಡಾ ನೀರು ತುಂಬಿರುವಾಗ ಅದನ್ನು ನೇರ ಬೋರ್ ನೀರಿಗೆ ಅದ್ದಿದರೆ, ಆ ನೀರಿನ ಸುಣ್ಣ ಬೇರೆಯಾಗುವುದು ಬಟ್ಟೆಯ ಎಳೆಗಳ ಒಳಗೇ! ಡ್ರಮ್ಮಿನಲ್ಲಿ ಕೂರಬೇಕಾದ ಗಸಿ ಪಂಚೆಯಲ್ಲಿ ಕೂರುತ್ತದೆ. ಅದಕ್ಕೇ ಮೊದಲ ಜಾಲಾಟಕ್ಕೂ ಡ್ರಮ್ಮಿನ ನೀರೇ ಬೇಕು. ಎರಡನೆಯದಕ್ಕೆ ಬೋರ್ ನೀರು ನಡೆಯುತ್ತದೆ, ಅಷ್ಟು ಹೊತ್ತಿಗೆ ಸೋಡಾ ಬಹುಪಾಲು ಹೋಗಿರುತ್ತದೆ. ಗಸಿ ಕೂರಲು ಬಿಡದೆ ಸೋಡಾ ನೇರ ಬಕೆಟ್ಟಿಗೇ ಹಾಕಿ ಅದರಲ್ಲೇ ಬಟ್ಟೆ ಮುಳುಗಿಸುವ ಪದ್ಧತಿಯ ತೊಂದರೆಯೂ ಇದೇ. ಟಾಪ್ ಲೋಡ್ ಮೆಷಿನ್ ಇರುವವರು ಡ್ರಮ್ಮಿನ ನೀರನ್ನು ಬಕೆಟ್ಟಿನಲ್ಲಿ ಮೇಲಿಂದಲೇ ಸುರಿಯಬಹುದು, ಮೆಷಿನ್ ನೀರಿನ ಮಟ್ಟ ನೋಡಿಕೊಂಡು ಉಳಿದದ್ದನ್ನು ಮಾತ್ರ ಎಳೆದುಕೊಳ್ಳುತ್ತದೆ.

ನಮ್ಮ ಬೀದಿಯಲ್ಲಿ ಇಸ್ತ್ರಿ ಮಾಡುವ ತಾತ ಒಬ್ಬರಿದ್ದಾರೆ, ವಯಸ್ಸಿನಲ್ಲಿ ಕೆರೆ ಹತ್ತಿರ ಉಬ್ಬೆ ಹಾಕಿ ಬಟ್ಟೆ ಒಗೆದವರು. ಚೌಳು ಮಣ್ಣನ್ನು ನೀರಿಗೆ ಕಲಸಿ, ಆ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಬೆಯಲ್ಲಿ ಬೇಯಿಸುವುದು ಉಬ್ಬೆ. ಬಯಲುಸೀಮೆಯ ಚೌಳು ಮಣ್ಣಿನಲ್ಲಿ ಇರುವುದೂ ಇದೇ ಸೋಡಾ. ಡ್ರಮ್ ತೋರಿಸಿದಾಗ ತಾತ ಮೊದಲು ನೋಡಿದ್ದು ಮೇಲಿನ ನಲ್ಲಿಯನ್ನು. "ಇದು ಸರಿಯಾಗಿ ಹಾಕಿದ್ದೀರಿ ಸಾಮಿ. ನಾವೂ ಚೌಳು ನೀರು ತಿಳಿ ಆಗೋ ತನಕ ಕಾಯ್ತಿದ್ವಿ. ಗಸಿ ಬಟ್ಟೆಗೆ ಹತ್ತಿದ್ರೆ ಎಷ್ಟು ಬಡಿದ್ರೂ ಬೆಳ್ಳಗಾಗಲ್ಲ" ಎಂದರು. ಕೆಮಿಸ್ಟ್ರಿ ಪುಸ್ತಕ ಮುಟ್ಟದೆ ತಲೆಮಾರುಗಳಿಂದ ಮಡಿವಾಳರು ಕೈಯಲ್ಲಿ ಇಟ್ಟುಕೊಂಡಿದ್ದ ತಿಳಿವಳಿಕೆ ಇದು. ನನಗೆ ಅವರ ಮಾತು ಕಿಟ್‌ನ ಅಂಕಿಗಿಂತ ಹೆಚ್ಚು ಧೈರ್ಯ ಕೊಟ್ಟಿತು.

ಆಗಲೇ ಬೂದಾಗಿರುವ ಬಟ್ಟೆಗೆ ಬೇರೆ ಕೆಲಸ ಬೇಕು. ಒಳಗೆ ಕೂತಿರುವ ಸುಣ್ಣದ ಜಿಗುಟು ಸೋಡಾಕ್ಕೆ ಜಗ್ಗುವುದಿಲ್ಲ, ಅದಕ್ಕೆ ಹುಳಿ ಬೇಕು. ಅಪ್ಪನ ಹಳೆ ಪಂಚೆ, ಬೆಡ್‌ಶೀಟುಗಳನ್ನು ಹೀಗೆ ಮಾಡಿದೆ. 10 ಲೀಟರ್ ಬೆಚ್ಚನೆ ನೀರಿಗೆ 30 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್ ಹಾಕಿ ಅರ್ಧ ಗಂಟೆ ನೆನೆಸಿದೆ. ಹುಳಿ ಆ ಜಿಗುಟಿನಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಜಿಡ್ಡು ಮಾತ್ರ ಉಳಿಯುತ್ತದೆ. ಚೆನ್ನಾಗಿ ಜಾಲಿಸಿ ಹುಳಿ ಪೂರ್ತಿ ತೆಗೆದು, ಆಮೇಲೆ ಡ್ರಮ್ಮಿನ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಕೈ ಇಡಲಾಗದಷ್ಟು ಕಾಯಿಸಿ, 10 ಲೀಟರಿಗೆ 40 ಗ್ರಾಂ ಸೋಡಾ, ಸ್ವಲ್ಪ ಬಟ್ಟೆ ಪುಡಿ ಹಾಕಿ, ತಣ್ಣಗಾಗುವ ತನಕ ಬಿಟ್ಟೆ. ನೀರು ಮಣ್ಣಿನ ಬಣ್ಣಕ್ಕೆ ತಿರುಗಿತು. ಪಂಚೆ ಹೊಸದರಂತೆ ಆಯಿತು ಎನ್ನುವುದಿಲ್ಲ, ಆದರೆ ಬೂದು ಹೋಗಿ ಬಿಳಿ ಬಂತು, ಬಟ್ಟೆ ಮೆತ್ತಗಾಯಿತು, ಅಪ್ಪ ಮದುವೆಗೆ ಉಟ್ಟುಕೊಂಡು ಹೋದರು. ಹುಳಿ ಮತ್ತು ಸೋಡಾ ಒಟ್ಟಿಗೆ ಹಾಕುವ ವಿಡಿಯೋಗಳು ಬೇಕಾದಷ್ಟಿವೆ. ಬುಸ್ಸೆಂದು ನೊರೆ ಬರುತ್ತದೆ, ನೋಡಲು ಜೋರು, ಆದರೆ ಎರಡೂ ಒಂದನ್ನೊಂದು ಕೊಂದುಕೊಂಡು ಬಟ್ಟೆಗೆ ಏನೂ ಉಳಿಯುವುದಿಲ್ಲ. ಒಂದಾದ ಮೇಲೆ ಒಂದು, ನಡುವೆ ಜಾಲಾಟ.

ಇದೆಲ್ಲ ಹತ್ತಿ ಬಟ್ಟೆಗೆ. ರೇಷ್ಮೆ, ಉಣ್ಣೆ ಎರಡೂ ಪ್ರಾಣಿಗಳಿಂದ ಬಂದ ಎಳೆ, ಸೋಡಾ ಅವನ್ನು ತಿನ್ನುತ್ತದೆ. ಮೈಸೂರು ಸಿಲ್ಕ್ ಈ ಡ್ರಮ್ಮಿನ ಹತ್ತಿರ ಬರಬಾರದು. ಇಳಕಲ್ ಸೀರೆಯ ಮೈ ಹತ್ತಿಯಾದರೂ ಸೆರಗು ರೇಷ್ಮೆ ಇರಬಹುದು, ಅದೂ ಬೇಡ. ಬಣ್ಣದ ಹತ್ತಿ ಬಟ್ಟೆಗೆ ಒಳಮಡಿಕೆಯಲ್ಲಿ ಒಂದು ಹನಿ ಸೋಡಾ ನೀರು ಬಿಟ್ಟು ಬಿಳಿ ಬಟ್ಟೆ ಒತ್ತಿ ನೋಡಿ, ಬಣ್ಣ ಬಿಟ್ಟರೆ ನಿಲ್ಲಿಸಿ. ಇನ್ನು ಅರಿಶಿನದ ಕಲೆ. ಸೋಡಾ ನೀರು ತಾಗಿದ ಕೂಡಲೇ ಅದು ಕೆಂಪಾಗುತ್ತದೆ, ಗಾಬರಿ ಬೇಡ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಕಾರಣದಿಂದ ಅಲ್ವಾ. ಜಾಲಿಸಿದ ಮೇಲೆ ಮತ್ತೆ ಹಳದಿಗೆ ಬರುತ್ತದೆ, ಒಳ್ಳೆ ಬಿಸಿಲಿಗೆ ಹಾಕಿದರೆ ಆ ಹಳದಿಯೂ ಮಾಸುತ್ತದೆ.

ಮನೆಯ ಬೇರೆ ಕೆಲಸಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಹಿತ್ತಾಳೆ ದೀಪಗಳು. ಎಣ್ಣೆ ವರ್ಷಗಟ್ಟಲೆ ಒಣಗಿ ಕಪ್ಪು ಅಂಟಾಗಿ ಕೂತಿರುತ್ತದಲ್ಲ, ಅದಕ್ಕೆ ಹುಣಸೆಹಣ್ಣು ಎಷ್ಟು ತಿಕ್ಕಿದರೂ ಕೈ ಸೋಲುತ್ತದೆ. ಹುಣಸೆಹಣ್ಣು ಲೋಹದ ಕಿಲುಬು ತೆಗೆಯುತ್ತದೆ, ಎಣ್ಣೆ ಜಿಡ್ಡು ಅದರ ಕೆಲಸ ಅಲ್ಲ. ಮೊದಲು ಬಿಸಿ ಸೋಡಾ ನೀರಿನಲ್ಲಿ, ಲೀಟರಿಗೆ ಎರಡು ದೊಡ್ಡ ಚಮಚದ ಲೆಕ್ಕದಲ್ಲಿ, ದೀಪ ಮುಳುಗಿಸಿಡಬೇಕು. ಅಂಟು ಮೆತ್ತಗಾಗಿ ಹಳೆ ಹಲ್ಲುಜ್ಜುವ ಬ್ರಷ್ಷಿಗೇ ಬಿಡುತ್ತದೆ. ತೊಳೆದ ಮೇಲೆ ಹುಣಸೆಹಣ್ಣು ಹಾಕಿದರೆ ಒಂದೇ ಕೈಗೆ ಹೊಳಪು. ಎಕ್ಸಾಸ್ಟ್ ಫ್ಯಾನಿನ ಪ್ಲಾಸ್ಟಿಕ್ ರೆಕ್ಕೆ, ಒಲೆಯ ಕಬ್ಬಿಣದ ಸ್ಟ್ಯಾಂಡು, ಕಸದ ಬುಟ್ಟಿ ಎಲ್ಲಕ್ಕೂ ಇದೇ ಸಾಕು. ಸಿಂಕ್ ಪೈಪಿನ ಜಿಡ್ಡಿಗೂ ಆಗುತ್ತದೆ, ಆದರೆ ಕುದಿಯುವ ನೀರು ಸುರಿದು ಪಿವಿಸಿ ಪೈಪು ಮೆತ್ತಗಾಗಿಸಬೇಡಿ. ಕಪ್ಪಾದ ಬೆಳ್ಳಿಗೆ ಪ್ಲಾಸ್ಟಿಕ್ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಅದಕ್ಕೆ ತಾಗುವಂತೆ ಬೆಳ್ಳಿ ಇಟ್ಟು ಬಿಸಿ ಸೋಡಾ ನೀರು ಹಾಕಿದರೆ ಕಪ್ಪು ಹಾಳೆಯ ಕಡೆಗೆ ಹೋಗುತ್ತದೆ, ಬೆಳ್ಳಿ ಸವೆಯುವುದಿಲ್ಲ. ಸ್ವಲ್ಪ ಕೊಳೆತ ಮೊಟ್ಟೆಯ ವಾಸನೆ ಬರಬಹುದು. ಕಲ್ಲು ಕೂರಿಸಿದ ಒಡವೆಗೆ, ಬೇಕೆಂದೇ ಕಪ್ಪು ಮಾಡಿದ ಕೆತ್ತನೆ ಕೆಲಸಕ್ಕೆ ಇದು ಬೇಡ.

ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಸೋಡಾ ಶತ್ರು. ಕುಕ್ಕರ್, ಇಡ್ಲಿ ತಟ್ಟೆ, ಚಿಮಣಿಯ ಅಲ್ಯೂಮಿನಿಯಂ ಜಾಲರಿ ಕಪ್ಪಾಗಿ ಸವೆಯುತ್ತವೆ. ನಲ್ಲಿಯ ಮೇಲಿನ ಬಿಳಿ ಕಲೆ, ಗೀಸರಿನ ಕಾಯಿಲಿಗೆ ಕಟ್ಟಿದ ಸುಣ್ಣಕ್ಕೂ ಸೋಡಾ ಏನೂ ಮಾಡುವುದಿಲ್ಲ, ಅವಕ್ಕೆ ನಿಂಬೆ ಉಪ್ಪೇ ಸರಿ. ಬಟ್ಟೆಯ ತುಕ್ಕಿನ ಕಲೆಗೂ ಅಷ್ಟೇ.

ಪೇಟೆಯಲ್ಲಿ ವಾಷಿಂಗ್ ಸೋಡಾ ಸಿಗದಿದ್ದರೆ ಅಡುಗೆ ಸೋಡಾವನ್ನು ಕಬ್ಬಿಣದ ಬಾಣಲೆಯಲ್ಲಿ ತೆಳ್ಳಗೆ ಹರಡಿ ಚೆನ್ನಾಗಿ ಕಾಯಿಸಿದರೆ ಅದೇ ವಾಷಿಂಗ್ ಸೋಡಾ ಆಗುತ್ತದೆ. ನೀರಿನ ಆವಿ, ಇಂಗಾಲದ ಡೈಆಕ್ಸೈಡ್ ಹೋಗಿ 100 ಗ್ರಾಂ ಇದ್ದದ್ದು 63 ಗ್ರಾಂಗೆ ಇಳಿಯುತ್ತದೆ, ತೂಕ ಇಳಿಯುವುದು ನಿಂತರೆ ಆಯಿತು ಎಂದು ಲೆಕ್ಕ. ಡ್ರಮ್ಮಿಗೆ ಇದು ದುಬಾರಿ, ದೀಪ ತೊಳೆಯುವಷ್ಟಕ್ಕೆ ಪರವಾಗಿಲ್ಲ.

ಕೊಳೆ ನೀರಿನ ವಿಷಯ ಉಳಿದಿದೆ. ನಮ್ಮ ಕಡೆ ಬಟ್ಟೆ ಒಗೆದ ನೀರು ಹಿತ್ತಲಿನ ಬಾಳೆ, ತೆಂಗಿಗೆ ಹೋಗುವುದು ರೂಢಿ. ಸೋಡಾ ನೀರು ಹಾಗೆ ಬಿಡಬಾರದು. ಸೋಡಿಯಂ ಸೇರಿ ಸೇರಿ ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ, ಒಳ್ಳೆ ಮಣ್ಣೇ ಚೌಳಾಗುತ್ತದೆ. ಒಗೆದ ನೀರು, ಮೊದಲ ಜಾಲಾಟದ ನೀರು ಎರಡನ್ನೂ ಪೈಪು ಹಾಕಿ ಚರಂಡಿಗೆ ತಿರುಗಿಸಿದ್ದೇನೆ. ಕೊನೆಯ ಜಾಲಾಟದ ನೀರು ಮಾತ್ರ ತೆಂಗಿಗೆ. ತಳದ ಗಸಿಯನ್ನು ಒಂದು ಹಳೆ ಪಂಚೆಯ ಚೂರಿನಲ್ಲಿ ಸೋಸಿ ಒಣಗಿಸಿಡುತ್ತೇನೆ, ನುಣ್ಣನೆ ಸುಣ್ಣಕಲ್ಲಿನ ಪುಡಿ ಅದು, ಬಚ್ಚಲಿನ ಟೈಲ್ಸ್ ತಿಕ್ಕಲು ಗೀರು ಬೀಳದಂತೆ ಕೆಲಸ ಮಾಡುತ್ತದೆ. ಮುಂದೆ ಇದಕ್ಕೆ ಇನ್ನೊಂದು ಡ್ರಮ್ ಸೇರಿಸುವ ಯೋಚನೆ ಇದೆ. ಒಂದು ತಿಳಿಯಾಗುತ್ತಿರುವಾಗ ಇನ್ನೊಂದರ ನೀರು ಬಳಸಬಹುದು, ಬೆಡ್‌ಶೀಟ್ ಒಗೆಯುವ ದಿನ 180 ಲೀಟರ್ ಸಾಲುತ್ತಿಲ್ಲ.